ಚಟ್ನಿಯಲ್ಲಿ ಕೋಲಿಫಾರ್ಮ್ ಬಂತು ಅಂದರೆ ಏನು ಬಂದ ಹಾಗೆ?

ಲ್ಯಾಬ್ ರಿಪೋರ್ಟು ಕೈಗೆ ಬಂದ ಕೂಡಲೇ ಹೋಟೆಲಿನವರು ಕೇಳುವುದು ಒಂದೇ ಪ್ರಶ್ನೆ: "ಇದನ್ನ ತಿಂದವರಿಗೆ ಹೊಟ್ಟೆ ಕೆಡ್ತದಾ?" ಕಾಗದದ ಮೇಲೆ 'ಕೋಲಿಫಾರ್ಮ್, ಗ್ರಾಮಿಗೆ 3,400' ಎಂದಿರುತ್ತದೆ. ಕೋಲಿಫಾರ್ಮ್ ಅಂದರೆ ಬ್ಯಾಕ್ಟೀರಿಯಗಳ ಒಂದು ಗುಂಪು. ಕೇಳಿದ ಪ್ರಶ್ನೆಗೆ ಆ ಸಂಖ್ಯೆಯಲ್ಲಿ ಉತ್ತರ ಇಲ್ಲ. ಎಲ್ಲೋ ಒಂದು ಕಡೆ ನೀರು, ಕೈ, ಪಾತ್ರೆ ಅಥವಾ ಹೊತ್ತು ತಪ್ಪಿದೆ ಅನ್ನುವುದಷ್ಟೇ ಅದರಲ್ಲಿದೆ. ಎಲ್ಲಿ ತಪ್ಪಿತು ಅಂತ ತಿಳಿಯಬೇಕಾದರೆ ಒಂದು ಸ್ಯಾಂಪಲ್ ಸಾಲುವುದಿಲ್ಲ, ಕನಿಷ್ಠ ಎರಡು ಬೇಕು: ಆ ಹಂತಕ್ಕೆ ಮೊದಲಿನದು ಒಂದು, ನಂತರದ್ದು ಒಂದು. ಕಾರವಾರದ ಖಾನಾವಳಿಗೂ ಶಿರಸಿಯ ಮೆಸ್ಸಿಗೂ ಬೈತಖೋಲ ಬಂದರಿನ ಮೀನಿನ ಬುಟ್ಟಿಗೂ ಇದೇ ಲೆಕ್ಕ.

ಮೊದಲು, ರೋಗ ತರುವ ಜೀವಿಯನ್ನೇ ಯಾಕೆ ಹುಡುಕುವುದಿಲ್ಲ ಅನ್ನುವ ಮಾತು. ಸಾಲ್ಮೊನೆಲ್ಲಾ ಒಂದನ್ನೇ ಹುಡುಕಲು ಹೊರಟರೂ ಚೇತರಿಸಿಕೊಳ್ಳಲು ಬಿಡುವುದಕ್ಕೆ ಒಂದು ದಿನ, ಬೆಳೆಸುವುದಕ್ಕೆ ಒಂದು ದಿನ, ಪ್ಲೇಟಿಗೆ (ಬ್ಯಾಕ್ಟೀರಿಯ ಬೆಳೆಸಿ ಎಣಿಸುವ ತಟ್ಟೆಗೆ) ಹಾಕುವುದಕ್ಕೆ ಒಂದು ದಿನ, ಖಚಿತಪಡಿಸುವುದಕ್ಕೆ ಮತ್ತೊಂದೆರಡು ದಿನ ಬೇಕು. ಅದು ಆಹಾರದಲ್ಲಿ ಒಂದೇ ಸಮ ಹರಡಿರುವುದೂ ಇಲ್ಲ. ಒಂದು ಸೌಟಿನಲ್ಲಿ ಇದ್ದರೆ ಪಕ್ಕದ ಸೌಟಿನಲ್ಲಿ ಇರುವುದಿಲ್ಲ. ಹಾಗಾಗಿ ಅದೇ ದಾರಿಯಲ್ಲಿ ಬರುವ, ಹೆಚ್ಚು ಸಂಖ್ಯೆಯಲ್ಲಿರುವ, ಒಂದೆರಡು ದಿನದಲ್ಲಿ ಎಣಿಕೆಗೆ ಸಿಗುವ ಜೀವಿಯನ್ನು ಹುಡುಕುತ್ತೇವೆ. ಥಿಯೋಡೋರ್ ಎಶೆರಿಶ್ 1885ರಲ್ಲಿ ಕೂಸುಗಳ ಮಲದಲ್ಲಿ ಕಂಡು ವರ್ಣಿಸಿದ ಬ್ಯಾಕ್ಟೀರಿಯವನ್ನು ನೀರು ಹೊಲಸಾದುದರ ಗುರುತಾಗಿ ಬಳಸಬಹುದೆಂದು ಶಾರ್ಡಿಂಗರ್ ಸೂಚಿಸಿದ್ದು 1892ರಲ್ಲಿ. ಇವತ್ತಿಗೂ ನಾವು ಎಣಿಸುತ್ತಿರುವುದು ಅದನ್ನೇ, ಇ. ಕೋಲಿಯನ್ನು.

ಆದರೆ ಕೋಲಿಫಾರ್ಮ್ ಬೇರೆ, ಇ. ಕೋಲಿ ಬೇರೆ. ಅರ್ಧದಷ್ಟು ಗಲಿಬಿಲಿ ಹುಟ್ಟುವುದು ಇಲ್ಲೇ. ಲ್ಯಾಕ್ಟೋಸನ್ನು 48 ಗಂಟೆಯೊಳಗೆ ಹುದುಗಿಸಿ ಆಮ್ಲ ಮತ್ತು ಗ್ಯಾಸ್ ಬಿಡುವ ಒಂದು ದೊಡ್ಡ ಗುಂಪಿಗೆ ಕೋಲಿಫಾರ್ಮ್ ಅನ್ನುತ್ತೇವೆ. ಇ. ಕೋಲಿ ಆ ಗುಂಪಿನ ಒಬ್ಬ ಸದಸ್ಯ. ಕ್ಲೆಬ್ಸಿಯೆಲ್ಲಾ, ಎಂಟೆರೊಬ್ಯಾಕ್ಟರ್‌ಗಳೂ ಅದೇ ಗುಂಪಿನವು, ಆದರೆ ಇವು ಎಲೆ, ಮಣ್ಣು, ಹುಲ್ಲಿನ ಮೇಲೆ ತಮ್ಮ ಪಾಡಿಗೆ ತಾವು ಬದುಕುತ್ತವೆ. ಕೊತ್ತಂಬರಿ ಸೊಪ್ಪನ್ನು ಎಷ್ಟು ತೊಳೆದರೂ ಕೋಲಿಫಾರ್ಮ್ ಇರುತ್ತದೆ. ಒಂದೆಲಗದ ತಂಬುಳಿಯಲ್ಲಿ ಇರದೇ ಇದ್ದರೇ ಆಶ್ಚರ್ಯ. ಹಸಿ ಸೊಪ್ಪು, ಹಸಿ ಕಾಯಿ ಹಾಕಿದ ಪದಾರ್ಥಕ್ಕೆ ಒಟ್ಟು ಕೋಲಿಫಾರ್ಮ್ ಎಣಿಸಿ ಗಾಬರಿಯಾಗುವುದು ದುಡ್ಡು ದಂಡ. ಅಲ್ಲಿ ಇ. ಕೋಲಿ ಕೇಳಿ. ಒಂದೆಲಗ ಬೆಳೆಯುವುದು ಕೊಟ್ಟಿಗೆ ಗೊಬ್ಬರ ಬಿದ್ದ ತೋಟದ ಕಾಲುವೆ ಅಂಚಿನಲ್ಲಿ, ಮತ್ತು ಇ. ಕೋಲಿ ದನದ್ದೋ ಮನುಷ್ಯನದ್ದೋ ಅಂತ ಪ್ಲೇಟು ನೋಡಿ ಹೇಳಲು ಬರುವುದಿಲ್ಲ ಅನ್ನುವುದೂ ನೆನಪಿರಲಿ. ಬೇಯಿಸಿದ ಪದಾರ್ಥದ ಕಥೆ ತಿರುಗಾಮುರುಗಾ. ಕುದಿದ ಸಾರಿನಲ್ಲಿ, ಪಾಶ್ಚರೀಕರಿಸಿದ ಹಾಲಿನಲ್ಲಿ ಕೋಲಿಫಾರ್ಮ್ ಉಳಿಯುವುದಿಲ್ಲ. ಸಿಕ್ಕಿತು ಅಂದರೆ ಕಾಯಿಸಿದ ಮೇಲೆ ಹೊಕ್ಕಿದೆ. ಅಲ್ಲಿ ಒಟ್ಟು ಕೋಲಿಫಾರ್ಮೇ ಸಾಕು, ಅದು ಚುರುಕಾದ ಸೂಚಕ.

ಈಗ ಚಟ್ನಿಗೆ ಬರೋಣ. ಒಂಟಿ ಸಂಖ್ಯೆಗೆ ಗಾಬರಿ ಬೇಡ ಅಂದೆವು, ಆದರೆ ಹಂತಹಂತವಾಗಿ ಹೋಲಿಸಲು ಕೋಲಿಫಾರ್ಮ್ ಎಣಿಕೆಯೂ ಆಗುತ್ತದೆ. ಬೆಳಿಗ್ಗೆ 6ಕ್ಕೆ ರುಬ್ಬಿದ ಕಾಯಿಚಟ್ನಿ. ತುರಿಮಣೆಯಿಂದ ಇಳಿದ ತುರಿಯಲ್ಲಿ ಗ್ರಾಮಿಗೆ 150, ರುಬ್ಬಿ ತೆಗೆದ ಕೂಡಲೇ 4,000, ಮಧ್ಯಾಹ್ನ 12ಕ್ಕೆ 6,00,000 ಅಂತ ಇಟ್ಟುಕೊಳ್ಳಿ. ಮೂರು ಸಂಖ್ಯೆ ಪಕ್ಕಪಕ್ಕ ಇಟ್ಟರೆ ಎರಡು ತಪ್ಪು ಬೇರೆಬೇರೆಯಾಗಿ ಕಾಣುತ್ತವೆ. 150ರಿಂದ 4,000ಕ್ಕೆ ಏರಿದ್ದು ಬೆಳವಣಿಗೆಯಿಂದಲ್ಲ, ಹತ್ತು ನಿಮಿಷದಲ್ಲಿ ಅಷ್ಟು ಬೆಳೆಯಲು ಸಾಧ್ಯವಿಲ್ಲ. ಅದು ರುಬ್ಬುವ ಯಂತ್ರ ಅಥವಾ ಸುರಿದ ನೀರಿನಿಂದ ಬಂದದ್ದು. 4,000ದಿಂದ 6,00,000ಕ್ಕೆ ಹೋದದ್ದು ಮಾತ್ರ ಬೆಳವಣಿಗೆ. ಕರಾವಳಿಯ 30 ಡಿಗ್ರಿ ಸೆಖೆಯಲ್ಲಿ ಅರ್ಧ ಗಂಟೆಗೊಮ್ಮೆ ದುಪ್ಪಟ್ಟು ಅಂತ ಹಿಡಿದರೂ 5 ಗಂಟೆಯಲ್ಲಿ 10 ಸಲ, ಅಂದರೆ ಸಾವಿರ ಪಟ್ಟು ಆಗುತ್ತದೆ. ಮೊದಲ ತಪ್ಪಿಗೆ ಮದ್ದು ಬ್ರಷ್ಷು ಮತ್ತು ಬಿಸಿನೀರು. ಎರಡನೆಯದಕ್ಕೆ ಅರ್ಧರ್ಧವಾಗಿ ಎರಡು ಹೊತ್ತಿನಲ್ಲಿ ಹೊಸದಾಗಿ ರುಬ್ಬುವುದು, ಇಲ್ಲವೇ ಫ್ರಿಜ್ಜಿನಲ್ಲಿಟ್ಟು ಸ್ವಲ್ಪ ಸ್ವಲ್ಪವೇ ತೆಗೆಯುವುದು. ಮಧ್ಯಾಹ್ನದ ಒಂದೇ ಸ್ಯಾಂಪಲ್ ಕೊಟ್ಟಿದ್ದರೆ ಯಂತ್ರವನ್ನು ತಿಕ್ಕಿ ತಿಕ್ಕಿ ಸುಸ್ತಾಗುತ್ತಿದ್ದರು, ಸಂಖ್ಯೆ ಸಾಕಷ್ಟು ಇಳಿಯುತ್ತಿರಲಿಲ್ಲ.

ಯಂತ್ರದಲ್ಲಿ ಎಲ್ಲಿ ಅಂದರೆ, ಮಿಕ್ಸಿಯಾದರೆ ಜಾರಿನ ಬ್ಲೇಡಿನ ಅಡಿಯ ರಬ್ಬರ್ ವಾಷರಿನಲ್ಲಿ, ಗ್ರೈಂಡರಾದರೆ ಗುಂಡುಕಲ್ಲಿನ ನಡುವಿನ ತೂತಿನಲ್ಲಿ. ಹೊರಗೆ ಫಳಫಳ ಹೊಳೆಯುವ ಜಾರಿನ ವಾಷರನ್ನು ಬಿಚ್ಚಿದರೆ ನಿನ್ನೆಯ ಕಾಯಿ ಮೂಸಿಗೇ ಸಿಗುತ್ತದೆ. ಅದಕ್ಕೆ ಲ್ಯಾಬೂ ಬೇಡ.

ಸ್ಯಾಂಪಲ್ ತೆಗೆಯುವ ಕೆಲಸದಲ್ಲೇ ಹೆಚ್ಚು ರಿಪೋರ್ಟುಗಳು ಕೆಡುವುದು. ಸ್ಟೀಲ್ ಚಮಚವನ್ನು ಕಾಗದದಲ್ಲಿ ಸುತ್ತಿ, ಅಗಲ ಬಾಯಿಯ ಬಾಟಲಿಯ ಜೊತೆ ಆಟೊಕ್ಲೇವಿನಲ್ಲಿ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) 121 ಡಿಗ್ರಿಯಲ್ಲಿ 15 ನಿಮಿಷ ಇಡಬೇಕು. ಬಾಟಲಿಗೆ 100ರಿಂದ 200 ಗ್ರಾಂ ಹಾಕಿ, ಹೊತ್ತು ಮತ್ತು ಆ ಕ್ಷಣದ ಪದಾರ್ಥದ ಉಷ್ಣತೆ ಬರೆಯಬೇಕು. ಹೊತ್ತು ಬರೆಯದ ಸ್ಯಾಂಪಲನ್ನು ಓದುವುದು ದಿನಾಂಕ ಇಲ್ಲದ ಬಿಲ್ಲು ಓದಿದ ಹಾಗೆ. ನಂತರ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಜೆಲ್ ಪ್ಯಾಕ್ ಇಟ್ಟು 0ಯಿಂದ 4 ಡಿಗ್ರಿಯಲ್ಲಿ ಸಾಗಿಸಿ, 24 ಗಂಟೆಯೊಳಗೆ ಪರೀಕ್ಷೆಗೆ ಹಾಕಬೇಕು. ಮಂಜುಗಡ್ಡೆ ತುಂಡು ಮಾಡಿ ಸುರಿದರೆ ಅದು ಕರಗಿದ ನೀರಿನಲ್ಲಿ ಬಾಟಲಿ ತೇಲುತ್ತದೆ, ಮುಚ್ಚಳದ ಅಂಚಿನಿಂದ ಒಳಗೆ ಹೋಗುತ್ತದೆ. ಆಮೇಲೆ ಎಣಿಸುವುದು ಚಟ್ನಿಯನ್ನಲ್ಲ, ಮಂಜುಗಡ್ಡೆಯನ್ನು. ಫ್ರೀಜರಿನಲ್ಲಿ ಗಟ್ಟಿಮಾಡಿ ತರುವುದೂ ತಪ್ಪು. ಹೆಪ್ಪುಗಟ್ಟಿದರೆ ಇ. ಕೋಲಿಯ ಒಂದು ಪಾಲು ಸಾಯುತ್ತದೆ, ಇನ್ನೊಂದು ಪಾಲು ಗಾಯಗೊಂಡು ಪ್ಲೇಟಿನ ಮೇಲೆ ಏಳುವುದೇ ಇಲ್ಲ.

ನಲ್ಲಿ ನೀರಿನ ಸ್ಯಾಂಪಲಾದರೆ ಇನ್ನೊಂದು ಮುಳ್ಳಿದೆ. ನೀರಿಗೆ ಕ್ಲೋರಿನ್ ಹಾಕಿದ್ದರೆ ಅದು ಬಾಟಲಿಯೊಳಗೂ ಕೆಲಸ ಮಾಡುತ್ತಲೇ ಇರುತ್ತದೆ. ಕುಮಟಾದಿಂದ ಹೊರಟಾಗ ಇದ್ದ ಬ್ಯಾಕ್ಟೀರಿಯ ಲ್ಯಾಬ್ ತಲುಪುವಾಗ ಇರುವುದಿಲ್ಲ. 120 ಮಿ.ಲೀ. ಬಾಟಲಿಗೆ ಶೇ. 3ರ ಸೋಡಿಯಂ ಥಯೋಸಲ್ಫೇಟ್ ದ್ರಾವಣ 0.1 ಮಿ.ಲೀ. ಮೊದಲೇ ಹಾಕಿ ಆಟೊಕ್ಲೇವ್ ಮಾಡಿದ್ದರೆ ಲೀಟರಿಗೆ 5 ಮಿ.ಗ್ರಾಂ.ವರೆಗಿನ ಕ್ಲೋರಿನ್ ಅಲ್ಲೇ ನಿಷ್ಕ್ರಿಯವಾಗುತ್ತದೆ.

ಲ್ಯಾಬಿನೊಳಗಿನ ಕೆಲಸ ಹೀಗೆ. 25 ಗ್ರಾಂ ಪದಾರ್ಥಕ್ಕೆ 225 ಮಿ.ಲೀ. ದ್ರಾವಣ (ಲೀಟರಿಗೆ ಪೆಪ್ಟೋನ್ 1 ಗ್ರಾಂ, ಉಪ್ಪು 8.5 ಗ್ರಾಂ) ಹಾಕಿ ಸ್ಟೊಮಾಕರ್ ಚೀಲದಲ್ಲಿ ಒಂದೆರಡು ನಿಮಿಷ ಬಡಿಯುತ್ತಾರೆ. ಇದು 1:10. ಇದರಿಂದ 1 ಮಿ.ಲೀ. ತೆಗೆದು 9 ಮಿ.ಲೀ. ದ್ರಾವಣಕ್ಕೆ, ಅದರಿಂದ ಮತ್ತೆ 1 ಮಿ.ಲೀ. ಮುಂದಿನ 9ಕ್ಕೆ, ಪ್ರತಿ ಸಲ ಹೊಸ ಪಿಪೆಟ್. ಕಾಯಿಯ ನಾರು ಪಿಪೆಟ್ಟಿನ ತುದಿಗೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಜಾಲರಿ ಇರುವ ಚೀಲ ಬೇಕು. ಒಗ್ಗರಣೆ ಎಣ್ಣೆ ಮೇಲೆ ತೇಲುವುದರಿಂದ ಪಿಪೆಟ್ಟನ್ನು ನಡುವಿಗೆ ಇಳಿಸಬೇಕು. ಆಟೊಕ್ಲೇವಿನಲ್ಲಿ ನೀರು ಆವಿಯಾಗಿ 9 ಮಿ.ಲೀ. ಇದ್ದದ್ದು 8.5 ಆಗಿರುತ್ತದೆ, ಇದನ್ನು ಯಾರೂ ನೋಡುವುದಿಲ್ಲ. ಮೂರು ಹಂತ ಹಾಗೇ ಹೋದರೆ ಉತ್ತರ ಶೇ. 17ರಷ್ಟು ಉಬ್ಬುತ್ತದೆ. ಮೊದಲ ದ್ರಾವಣದಿಂದ ಪ್ಲೇಟು ಹಾಕುವವರೆಗೆ 45 ನಿಮಿಷ ದಾಟಬಾರದು.

ಪ್ಲೇಟಿನಲ್ಲಿ 1 ಮಿ.ಲೀ. ಹಾಕಿ ಅದರ ಮೇಲೆ ವಯೊಲೆಟ್ ರೆಡ್ ಬೈಲ್ ಅಗಾರ್ (ಬ್ಯಾಕ್ಟೀರಿಯ ಬೆಳೆಯುವ, ತಣಿದರೆ ಗಟ್ಟಿಯಾಗುವ ಆಹಾರ) 12ರಿಂದ 15 ಮಿ.ಲೀ. ಸುರಿದು ತಿರುಗಿಸಿ, ಗಟ್ಟಿಯಾದ ಮೇಲೆ ಅದೇ ಅಗಾರಿನ 4 ಮಿ.ಲೀ. ತೆಳು ಪದರ ಹೊದೆಸಬೇಕು. ಆ ಹೊದಿಕೆ ಇಲ್ಲದಿದ್ದರೆ ಕಾಲನಿಗಳು (ಬ್ಯಾಕ್ಟೀರಿಯ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಗಳು) ಮೇಲ್ಮೈಯಲ್ಲಿ ಹರಡಿ ಒಂದಕ್ಕೊಂದು ಸೇರಿಬಿಡುತ್ತವೆ. ಈ ಅಗಾರನ್ನು ಆಟೊಕ್ಲೇವ್ ಮಾಡಬಾರದು, ಕುದಿಸಿದರೆ ಸಾಕು, ಕುದಿಸಿದ ಮೂರ್ನಾಲ್ಕು ಗಂಟೆಯೊಳಗೆ ಬಳಸಬೇಕು. ಸುರಿಯುವಾಗ 45 ಡಿಗ್ರಿ ಆಸುಪಾಸಿನಲ್ಲಿರಬೇಕು. ಫ್ಲಾಸ್ಕನ್ನು ಕೆನ್ನೆಗೆ ತಾಗಿಸಿ "ಆಯ್ತು" ಅನ್ನುವ ಪದ್ಧತಿ ಬಿಟ್ಟು ವಾಟರ್‌ಬಾತಿನಲ್ಲಿ ಇಡಿ. 50 ದಾಟಿದರೆ ಹುಡುಕಬೇಕಾದದ್ದನ್ನೇ ಬೇಯಿಸಿದಂತೆ. 37 ಡಿಗ್ರಿಯಲ್ಲಿ 24 ಗಂಟೆಯಾದ ಮೇಲೆ ಅರ್ಧ ಮಿಲಿಮೀಟರಿಗಿಂತ ದೊಡ್ಡದಾದ, ಸುತ್ತ ಮಸುಕು ಉಂಗುರವಿರುವ ನೇರಳೆಗೆಂಪು ಚುಕ್ಕೆಗಳನ್ನು ಎಣಿಸಬೇಕು. 150ರೊಳಗಿನ, 15ಕ್ಕಿಂತ ಹೆಚ್ಚಿನ ಎಣಿಕೆಯ ಪ್ಲೇಟನ್ನಷ್ಟೇ ನಂಬಬೇಕು. 1:100ರ ಪ್ಲೇಟಿನಲ್ಲಿ 42 ಸಿಕ್ಕರೆ 4,200. ಅದರಲ್ಲಿ 5 ಕಾಲನಿ ಎತ್ತಿ ಬ್ರಿಲಿಯಂಟ್ ಗ್ರೀನ್ ಬೈಲ್ ಬ್ರಾತ್ ಅನ್ನುವ ದ್ರವಕ್ಕೆ ಹಾಕಿ, 4ರಲ್ಲಿ ಗ್ಯಾಸ್ ಬಂದರೆ ಉತ್ತರ 3,400 ಎಂದು ಬರೆಯುತ್ತಾರೆ. ಭಾರತೀಯ ಮಾನಕ ಐಎಸ್ 5401ರಲ್ಲಿ ಈ ಎಣಿಕೆಯ ವಿಧಾನ ಇದೆ.

ನಮ್ಮ ಕಡೆಯ ಪದಾರ್ಥಗಳು ಈ ಪ್ಲೇಟಿಗೆ ಮೋಸ ಮಾಡುವುದು ಎರಡು ರೀತಿ. ಒಂದು, ಬ್ಯಾಡಗಿ ಮೆಣಸಿನ ಪುಡಿಯ ಚೂರು, ಮುರುಗಲ ಸಿಪ್ಪೆಯ ಚೂರು ಕಡಿಮೆ ತೆಳುಮಾಡಿದ ದ್ರಾವಣದ ಪ್ಲೇಟಿನಲ್ಲಿ ಥೇಟ್ ಕೆಂಪು ಕಾಲನಿಯ ಹಾಗೆ ಕಾಣುತ್ತವೆ. ಅದೇ ದ್ರಾವಣದ ಇನ್ನೊಂದು ಪ್ಲೇಟನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಹೋಲಿಸಿ. ಎರಡರಲ್ಲೂ ಇರುವ ಚುಕ್ಕೆ ಮಸಾಲೆಯದ್ದು. ಎರಡು, ಜೋನಿ ಬೆಲ್ಲ ಹಾಕಿದ ಸಿಹಿ. 1:10ರಲ್ಲಿ ಬೆಲ್ಲದ ಸಕ್ಕರೆ ಪ್ಲೇಟಿಗೂ ಬರುತ್ತದೆ, ಲ್ಯಾಕ್ಟೋಸ್ ಮುಟ್ಟದ ಬ್ಯಾಕ್ಟೀರಿಯವೂ ಆ ಸಕ್ಕರೆ ತಿಂದು ಆಮ್ಲ ಬಿಟ್ಟು ಕೆಂಪಾಗುತ್ತದೆ. ಅಂಥಲ್ಲಿ ಖಚಿತಪಡಿಸುವ ಬ್ರಾತ್ ಹಂತ ಬಿಟ್ಟರೆ ರಿಪೋರ್ಟು ಸುಳ್ಳು.

ಇ. ಕೋಲಿಗೆ ಬೇರೆ ಅಗಾರ್, ಟಿಬಿಎಕ್ಸ್. 44 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಟ್ಟರೆ ನೀಲಿಹಸಿರು ಕಾಲನಿಗಳು ಬರುತ್ತವೆ. ಇಲ್ಲಿ ಉಷ್ಣತೆಯೇ ಜರಡಿ. 41ಕ್ಕೆ ಇಳಿದರೆ ಬೇರೆಯವೂ ನುಸುಳುತ್ತವೆ, 46 ದಾಟಿದರೆ ಬೇಕಾದದ್ದೂ ಸರಿಯಾಗಿ ಬೆಳೆಯುವುದಿಲ್ಲ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ ಕಡೆಯ ಕರೆಂಟಿನ ವಿಷಯ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇನ್‌ಕ್ಯುಬೇಟರಿನೊಳಗೆ ನೀರು ತುಂಬಿದ ಬಾಟಲಿಯಲ್ಲಿ ಡೇಟಾ ಲಾಗರ್ ಮುಳುಗಿಸಿಟ್ಟರೆ ರಾತ್ರಿ ಎಷ್ಟು ಹೊತ್ತು ಇಳಿದಿತ್ತು ಅಂತ ಬೆಳಿಗ್ಗೆ ಗೊತ್ತಾಗುತ್ತದೆ. ಬಾಗಿಲಿನ ಮೇಲಿನ ಕೆಂಪು ಅಂಕಿ ಆ ಕ್ಷಣದ್ದನ್ನು ಮಾತ್ರ ತೋರಿಸುತ್ತದೆ. ರಕ್ತಭೇದಿ ತರುವ ಒ157 ತಳಿ ಈ ಅಗಾರಿನಲ್ಲಿ ನೀಲಿಯಾಗುವುದಿಲ್ಲ. ಅಂದರೆ ಇ. ಕೋಲಿಗಳಲ್ಲೇ ಕ್ರೂರವಾದದ್ದು ಈ ಲೆಕ್ಕಕ್ಕೆ ಸಿಗುವುದಿಲ್ಲ. ಇದು ಶುಚಿತ್ವದ ಸೂಚಕವಷ್ಟೇ ಅಂತ ಪದೇಪದೇ ಹೇಳುವುದು ಅದಕ್ಕೇ.

ಸಂಖ್ಯೆ ತೀರಾ ಕಡಿಮೆ ಇರುವ ಪದಾರ್ಥಕ್ಕೆ ಪ್ಲೇಟು ಬಿಟ್ಟು ಎಂಪಿಎನ್ ಟ್ಯೂಬುಗಳು, ಅಂದರೆ ಎಣಿಸದೆ ಸಂಖ್ಯೆಯನ್ನು ಅಂದಾಜಿಸುವ ವಿಧಾನ. ಮೂರು ದ್ರಾವಣ, ತಲಾ ಮೂರು ಟ್ಯೂಬು, ಪ್ರತಿಯೊಂದರೊಳಗೆ ಬೋರಲು ಹಾಕಿದ ಪುಟ್ಟ ಡರ್ಹಾಮ್ ಟ್ಯೂಬು. 3-1-0 ಅಂತ (ಮೊದಲ ದ್ರಾವಣದ ಮೂರರಲ್ಲೂ, ಎರಡನೆಯದರ ಒಂದರಲ್ಲಿ, ಮೂರನೆಯದರ ಒಂದರಲ್ಲೂ ಇಲ್ಲದೆ) ಗ್ಯಾಸ್ ಬಂದರೆ ಪಟ್ಟಿಯಲ್ಲಿ ಗ್ರಾಮಿಗೆ 43. ಆದರೆ ಅದರ ನಿಜವಾದ ಬೆಲೆ 9ರಿಂದ 180ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಹೋದ ತಿಂಗಳು 23, ಈ ತಿಂಗಳು 43, "ದುಪ್ಪಟ್ಟಾಯ್ತು" ಅಂತ ಅಡುಗೆಯವರನ್ನು ಬೈಯುವುದಕ್ಕೆ ಇದರಲ್ಲಿ ಆಧಾರವೇ ಇಲ್ಲ.

ಇನ್ನು ಮೀನು. ಶುದ್ಧ ಕಡಲಿನ ಬಂಗಡೆಯ ಹೊಟ್ಟೆಯಲ್ಲಿ ಇ. ಕೋಲಿ ಸ್ವಂತ ನಿವಾಸಿಯಲ್ಲ. ಅದು ಬರುವುದು ಬಂದರಿನ ನೀರು, ಬುಟ್ಟಿ, ಕೈ, ಕಾಗೆ ಮತ್ತು ಮಂಜುಗಡ್ಡೆಯಿಂದ. ಮಂಜುಗಡ್ಡೆಯನ್ನು ಯಾರೂ ಅನುಮಾನಿಸುವುದಿಲ್ಲ, ತಣ್ಣಗಿದ್ದದ್ದು ಶುದ್ಧ ಅನ್ನುವ ನಂಬಿಕೆ. ಇಲ್ಲೂ ಜೋಡಿ ಸ್ಯಾಂಪಲ್ಲೇ ದಾರಿ. ಕೊಕ್ಕೆಯಲ್ಲಿ ಎಳೆದು ತಂದ ಇಡೀ ಗಡ್ಡೆಯ ನಡುವಿನಿಂದ ಒಂದು, ಪುಡಿಮಾಡಿ ಬುಟ್ಟಿಗೆ ಸುರಿದದ್ದರಿಂದ ಇನ್ನೊಂದು. ಎರಡನ್ನೂ ಮುಚ್ಚಿದ ಬಾಟಲಿಯಲ್ಲಿ ಫ್ರಿಜ್ಜಿನಲ್ಲೇ ಕರಗಿಸಿ, 100 ಮಿ.ಲೀ. ಸೋಸಿ ನೋಡಬೇಕು. ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಆ 100 ಮಿ.ಲೀ.ನಲ್ಲಿ ಇ. ಕೋಲಿ ಒಂದೂ ಇರಬಾರದು. ನಡುವಿನದರಲ್ಲೇ ಇದ್ದರೆ ತಪ್ಪು ಕಾರ್ಖಾನೆಯ ನೀರಿನದ್ದು. ನಡುವಿನದು ಚೊಕ್ಕಟವಾಗಿದ್ದು ಪುಡಿಯಲ್ಲಿ ಬಂದರೆ ನೆಲ, ಕೊಕ್ಕೆ, ಪುಡಿಮಾಡುವ ಯಂತ್ರ. ಬಂಗಡೆ, ತಾರ್ಲೆ ಬಿಸಿಲಲ್ಲಿ ಕೂತಾಗ ಹುಟ್ಟುವ, ಅಲರ್ಜಿಯಂಥ ತೊಂದರೆ ತರುವ ಹಿಸ್ಟಮಿನ್ ಬಗ್ಗೆ ಈ ಪರೀಕ್ಷೆ ಏನೂ ಹೇಳುವುದಿಲ್ಲ. ಅದನ್ನು ಮಾಡುವ ಬ್ಯಾಕ್ಟೀರಿಯವೇ ಬೇರೆ, ಕುದಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ.

ಅಘನಾಶಿನಿಯ ಬಳಚು, ಕಾಳಿ ನದೀಮುಖದ ತಿಸರೆಯಂಥ ಚಿಪ್ಪಿನ ಜೀವಿಗಳಿಗೆ ಇನ್ನಷ್ಟು ಎಚ್ಚರ ಬೇಕು. ಅವು ನೀರನ್ನು ಸೋಸಿ ತಿನ್ನುವ ಜೀವಿಗಳು, ಹಿನ್ನೀರಿನಲ್ಲಿ ತೆಳುವಾಗಿ ಇದ್ದದ್ದು ಅವುಗಳ ಒಳಗೆ ದಟ್ಟವಾಗುತ್ತದೆ. ಕನಿಷ್ಠ 10 ಜೀವಂತ ಚಿಪ್ಪುಗಳು, ಮಾಂಸ ಮತ್ತು ಒಳಗಿನ ನೀರು ಸೇರಿ 75ರಿಂದ 100 ಗ್ರಾಂ ಆಗುವಷ್ಟು ಬೇಕು. ಬಳಚು ಚಿಕ್ಕದಾದ್ದರಿಂದ ಹೆಚ್ಚೇ ತನ್ನಿ. ಹೊರಗಿನ ಕೆಸರನ್ನು ಕುಡಿಯುವ ನೀರಿನ ಧಾರೆಯಲ್ಲಿ ಬ್ರಷ್ಷಿನಿಂದ ತಿಕ್ಕಬೇಕು, ಬಕೆಟ್ಟಿನಲ್ಲಿ ಮುಳುಗಿಸಿದರೆ ಬಾಯಿ ತೆರೆದು ಬಕೆಟ್ಟಿನ ನೀರನ್ನು ಕುಡಿದುಬಿಡುತ್ತವೆ. ಒಳನೀರನ್ನು ಚೆಲ್ಲಬಾರದು, ಎಣಿಕೆಯಲ್ಲಿ ಅದೂ ಸೇರಬೇಕು. ಯುರೋಪಿನ ನಿಯಮದಲ್ಲಿ ನೇರವಾಗಿ ತಿನ್ನಲು ಬಿಡುವ 'ಎ' ದರ್ಜೆಯ ಪ್ರದೇಶದ ಗಡಿ 230. ಅದು 100 ಗ್ರಾಮಿಗೆ, ಗ್ರಾಮಿಗಲ್ಲ. ಬೇರೆ ಎಲ್ಲ ರಿಪೋರ್ಟೂ ಗ್ರಾಮಿನ ಲೆಕ್ಕದಲ್ಲಿ ಇರುವುದರಿಂದ ನೂರು ಪಟ್ಟು ತಪ್ಪಾಗಿ ಓದಿದವರಿದ್ದಾರೆ. ಶುದ್ಧ ನೀರಿನಲ್ಲಿ ಒಂದೆರಡು ದಿನ ಬಿಟ್ಟರೆ ಚಿಪ್ಪಿನಿಂದ ಇ. ಕೋಲಿ ಬೇಗ ಹೊರಹೋಗುತ್ತದೆ, ಹೆಪಟೈಟಿಸ್ ಎ ಮತ್ತು ನೊರೊವೈರಸ್ ಹೋಗುವುದಿಲ್ಲ. ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯ ಅಂತೂ ಉಪ್ಪುನೀರಿನದ್ದೇ ಸಂತಾನ, ಕಾಲರಾ ತರುವುದನ್ನು ಬಿಟ್ಟರೆ ಮಲಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಚಿಪ್ಪಿನಲ್ಲಿ ಇ. ಕೋಲಿ ಸಿಗಲಿಲ್ಲ ಅಂತ ಅರೆಬೇಯಿಸಿ ಬಡಿಸಬೇಡಿ, ಬಾಯಿ ಬಿಟ್ಟ ಮೇಲೂ ಕೆಲವು ನಿಮಿಷ ಕುದಿಯಲಿ.

ಸೊನ್ನೆ ಸುಳ್ಳು ಹೇಳುವ ಜಾಗಗಳು ಇನ್ನೂ ಇವೆ. ಉಪ್ಪು ಹಾಕಿ ಒಣಗಿಸಿದ ಮೀನಿನಲ್ಲಿ ಇ. ಕೋಲಿ ಸಾಯುತ್ತದೆ. ಒಣಗಿಸುವಾಗ ನಾಯಿ ತುಳಿದಿದ್ದರೂ ರಿಪೋರ್ಟು ಚೊಕ್ಕಟವೇ ಬರಬಹುದು. ಅಲ್ಲಿ ಉಪ್ಪಿಗೂ ಒಣಗಿಗೂ ಹೆಚ್ಚು ತಾಳುವ, ಕರುಳಿನದ್ದೇ ಇನ್ನೊಂದು ಬ್ಯಾಕ್ಟೀರಿಯವಾದ ಎಂಟೆರೊಕಾಕಸ್ ಎಣಿಸಬೇಕು, ಫ್ರೀಜರಿನ ಸೀಗಡಿಗೂ ಅದೇ. ಅಪ್ಪೆಹುಳಿ, ಮುರುಗಲ ಪಾನಕದ ಹುಳಿಯೂ ಹೀಗೇ. ಬೆರೆಸಿದ ನೀರು ಹೊಲಸಿದ್ದರೂ ಕೆಲವು ಗಂಟೆಯಲ್ಲಿ ಸೂಚಕ ಜೀವಿ ಮಾಯವಾಗಬಹುದು, ಆದರೆ ಹುಳಿಗೆ ಜಗ್ಗದ ವೈರಸ್ ಉಳಿದಿರುತ್ತದೆ. ಪಾನಕವನ್ನು ಬಿಟ್ಟು ಪಾನಕಕ್ಕೆ ಹಾಕಿದ ನೀರನ್ನು ಪರೀಕ್ಷಿಸಿ. ಲವಂಗದಂಥ ಮಸಾಲೆ ಪ್ಲೇಟಿನ ಮೇಲೂ ಬ್ಯಾಕ್ಟೀರಿಯವನ್ನು ತಡೆಯುತ್ತದೆ, ಅದರ ಪುಡಿಗೆ 1:10 ಅಲ್ಲ, 1:1000ದಿಂದ ಶುರುಮಾಡಬೇಕು.

ಲ್ಯಾಬ್ ದೂರ ಇರುವಲ್ಲಿ, ಬಾವಿ ನೀರಿಗೆ ಮಾತ್ರ, ಕಪ್ಪಾಗುವ ಬಾಟಲಿಯ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್ ಅನ್ನುವ ಗಂಧಕದ ಗ್ಯಾಸ್) ಪರೀಕ್ಷೆ ಇದೆ. 1982ರಲ್ಲಿ ಮಂಜ ಮತ್ತು ಸಂಗಡಿಗರು ನಮ್ಮ ದೇಶದಲ್ಲೇ ರೂಪಿಸಿದ್ದು. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಹೊಲಸು ನೀರು ಕಪ್ಪಾಗುತ್ತದೆ. ಕೆಲವರು ಇದಕ್ಕೆ ಮೀನಿನ ಸಾರು ಹಾಕಿ ನೋಡುತ್ತಾರೆ. ಮೀನಿನ ಪ್ರೋಟೀನು ಕೊಳೆತರೇ ಗಂಧಕದ ಗ್ಯಾಸ್ ಬರುತ್ತದೆ, ಬಾಟಲಿ ಕಪ್ಪಾಗದೆ ಇನ್ನೇನು?

ಎಣಿಸಿದ ಪ್ಲೇಟುಗಳನ್ನು ಹಿತ್ತಿಲಲ್ಲಿ ಸುಡುವುದು, ತೊಟ್ಟಿಗೆ ಎಸೆಯುವುದು ಬೇಡ. ಒಂದು ಚುಕ್ಕೆಯಲ್ಲಿ ಕೋಟಿಗಟ್ಟಲೆ ಇರುತ್ತವೆ. ಚೀಲಕ್ಕೆ ಹಾಕಿ 121 ಡಿಗ್ರಿಯಲ್ಲಿ 30 ನಿಮಿಷ ಆಟೊಕ್ಲೇವ್ ಮಾಡಿ ಆಮೇಲೆ ಬಿಸಾಡಿ.

ಶಿರಸಿ ಜಾತ್ರೆಗೆ ತಾತ್ಕಾಲಿಕ ಹೋಟೆಲ್ ಹಾಕುವವರಾಗಲಿ, ಕಡಲಂಚಿನ ಮೀನೂಟದ ಖಾನಾವಳಿಯಾಗಲಿ, ವರ್ಷಕ್ಕೆ ಐದೇ ಸ್ಯಾಂಪಲಿಗೆ ದುಡ್ಡಿದ್ದರೆ ಐದು ಬೇರೆಬೇರೆ ಪದಾರ್ಥ ಕೊಡಬೇಡಿ. ಒಂದೇ ದಿನ ಕೊಡಿ: ಡ್ರಮ್ಮಿನಲ್ಲಿ ತುಂಬಿಟ್ಟ ನೀರು, ಮಂಜುಗಡ್ಡೆ, ರುಬ್ಬುವ ಮೊದಲಿನ ಕಾಯಿತುರಿ, ರುಬ್ಬಿದ ಕೂಡಲಿನ ಚಟ್ನಿ, ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಪಾತ್ರೆಯ ತಳದಲ್ಲಿ ಉಳಿದ ಅದೇ ಚಟ್ನಿ. ನೀರಿನ ಬಾಟಲಿಗೆ ಥಯೋಸಲ್ಫೇಟ್ ಹಾಕಿದ್ದಾರಾ ಅಂತ ಮೊದಲೇ ಕೇಳಿ. ಮಧ್ಯಾಹ್ನದ ಸ್ಯಾಂಪಲನ್ನು ಬಡಿಸುವ ಸೌಟಿನಲ್ಲಿ ತೆಗೆಯಬೇಡಿ, ಕಾಗದದಲ್ಲಿ ಸುತ್ತಿಟ್ಟ ಚಮಚ ಅದಕ್ಕೇ ಇರುವುದು.